ನಮ್ಮತ್ತೆಯ ಹಲ್ಲು ಸೆಟ್: ದಂತ ಕಾಲೇಜಿನಲ್ಲಿ ಮಾಡಿಸಿದ್ದು, ಏಳು ತಿಂಗಳು ಬಳಸಿದ್ದು

ಮನೆಯ ಹಿರಿಯರಿಗೆ ಹಲ್ಲು ಸೆಟ್ ಮಾಡಿಸಬೇಕು ಅಂತ ಯೋಚನೆ ಇರುವವರು ಇದನ್ನು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ. ನಮ್ಮತ್ತೆಗೆ 68 ವರ್ಷ, ಊರು ಚನ್ನಗಿರಿ ತಾಲ್ಲೂಕು. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಒಂದು ದಂತ ಕಾಲೇಜಿನಲ್ಲಿ ಮೇಲಿನದು, ಕೆಳಗಿನದು ಎರಡೂ ಸೆಟ್ ಮಾಡಿಸಿದೆವು. ಗೌರಿ ಹಬ್ಬದ ಹಿಂದಿನ ವಾರ ಕೈಗೆ ಸಿಕ್ಕಿತು, ಈಗ ಏಳು ತಿಂಗಳಾಯಿತು. ದಿನಾ ಹಾಕಿಕೊಳ್ಳುತ್ತಾರೆ, ದಿನಾ ಅದರಲ್ಲೇ ಊಟ ಮಾಡುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ, ಯಾಕೆಂದರೆ ಇದು ಅವರ ಎರಡನೇ ಸೆಟ್.

ಮೊದಲನೆಯದು ಮೂರು ವರ್ಷದಿಂದ ಟ್ರಂಕಿನಲ್ಲಿದೆ. ಆಗ ಒಂದು ಕ್ಲಿನಿಕ್ಕಿನಲ್ಲಿ ಮಾಡಿಸಿದ್ದು. ಎರಡೇ ಸಲ ಹೋಗಿದ್ದು, ಮೊದಲ ಸಲ ಅಳತೆ, ಎರಡನೇ ಸಲ ಸೆಟ್ ಕೈಗೆ. ಬೇಗ ಆಯ್ತಲ್ಲ ಅಂತ ನಮಗೆಲ್ಲ ಖುಷಿ. ಮನೆಗೆ ಬಂದು ಹಾಕಿಕೊಂಡರೆ ಕೆಳಗಿನದು ಮಾತಾಡಿದರೆ ಏಳುತ್ತಿತ್ತು, ಮೇಲಿನದು ವಸಡಿಗೆ ಚುಚ್ಚಿ ಹುಣ್ಣಾಯಿತು. ವಾಪಸ್ ಹೋದಾಗ "ಅಭ್ಯಾಸ ಆಗುತ್ತೆ" ಅಂತ ಕಳಿಸಿದರು. ಅತ್ತೆ ಒಂದು ತಿಂಗಳು ನೋವು ತಿಂದು ಕೊನೆಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಟ್ಟರು. ಆಮೇಲೆ ಯಾರು ಹಲ್ಲಿನ ಮಾತೆತ್ತಿದರೂ "ನನಗೆ ಬೇಡ ಬಿಡ್ರೇ" ಅನ್ನುತ್ತಿದ್ದರು.

ನಾವೂ ಸುಮ್ಮನಿದ್ದೆವು, ಅದು ನಮ್ಮ ತಪ್ಪು. ಸುಮ್ಮನಿರುವುದು ಸುಲಭವಾಗಿತ್ತು, ಯಾಕೆಂದರೆ ನಮ್ಮ ಮನೆಯಲ್ಲಿ ರಾತ್ರಿ ಊಟ ರಾಗಿಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಹಲ್ಲಿಲ್ಲದವರೂ ಎಲ್ಲರ ಸಮಕ್ಕೆ ಮುದ್ದೆ ಉಣ್ಣುತ್ತಾರೆ, ಹಾಗಾಗಿ ಅವರಿಗೆ ಊಟ ಸೇರುತ್ತಿದೆ ಅಂತಲೇ ಅಂದುಕೊಂಡಿದ್ದೆವು. ತಟ್ಟೆಯಲ್ಲಿ ಏನು ಉಳಿಯುತ್ತಿದೆ ಅಂತ ನೋಡಿದ್ದು ತಡವಾಗಿ. ಸೊಪ್ಪಿನ ಪಲ್ಯ ಪಕ್ಕಕ್ಕೆ, ಹುರುಳಿಕಾಯಿ ಪಕ್ಕಕ್ಕೆ, ಸೌತೆಕಾಯಿ ಮುಟ್ಟುವುದೇ ಇಲ್ಲ, ಕಡಲೆಕಾಯಿ ಬೀಜ ಬಿಟ್ಟು ಎಷ್ಟು ವರ್ಷವಾಯಿತೋ. ಅನ್ನ, ಸಾರು, ಮುದ್ದೆ, ಬಿಸ್ಕತ್ತು ಅದ್ದಿದ ಕಾಫಿ, ಇಷ್ಟೇ. ಅವರಿಗೆ ಶುಗರ್ ಬೇರೆ ಇದೆ. ನಾರಿನ ಅಂಶ ಇರುವುದೆಲ್ಲ ಬಿಟ್ಟು ಬರೀ ಮೆತ್ತನೆಯ ಹಿಟ್ಟು ತಿಂದರೆ ಶುಗರ್ ಹಿಡಿತಕ್ಕೆ ಹೇಗೆ ಬರಬೇಕು, ಅಲ್ವಾ? ಬಾಯಿ ಕೊನೆ ಎರಡೂ ಕಡೆ ಬಿರಿದು ಉರಿಯುತ್ತಿತ್ತು, ಅದಕ್ಕೆ ಎಣ್ಣೆ, ಬೆಣ್ಣೆ ಹಚ್ಚುತ್ತಿದ್ದರು. ಅದೂ ಹಲ್ಲಿಗೆ ಸಂಬಂಧಪಟ್ಟದ್ದು ಅಂತ ನಮಗೆ ಗೊತ್ತೇ ಇರಲಿಲ್ಲ.

ಸರಿ, ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಚೀಟಿ ಮಾಡಿಸಿದ ಕೂಡಲೇ ಅಳತೆ ತೆಗೆಯುತ್ತಾರೆ ಅಂದುಕೊಂಡಿದ್ದೆವು, ಇಲ್ಲ. ಮೊದಲ ದಿನ ಪೂರ್ತಿ ಬಾಯಿ ನೋಡಿದರು. ಹಲ್ಲು ಕಟ್ಟುವ ವಿಭಾಗಕ್ಕೆ ಕಳಿಸುವ ಮೊದಲೇ ಒಬ್ಬ ಡಾಕ್ಟರು ಅತ್ತೆಯ ಕೆನ್ನೆಯ ಒಳಭಾಗ, ನಾಲಿಗೆಯ ಎರಡು ಬದಿ, ನಾಲಿಗೆ ಎತ್ತಿಸಿ ಅದರ ಕೆಳಗೆ, ಅಂಗಳ ಅಂದರೆ ಬಾಯೊಳಗಿನ ಮೇಲ್ಭಾಗ, ಎಲ್ಲಾ ಕಡೆ ಬೆಳಕು ಬಿಟ್ಟು ನೋಡಿ, ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಅತ್ತೆಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಅವರದೇ ಬಾಯೊಳಗೆ ಇಡಿಸಿದರು. "ಅಜ್ಜಿ, ಎಲೆ ಅಡಿಕೆ ಎಷ್ಟು ವರ್ಷದಿಂದ?" ಅಂತ ಕೇಳಿದರು. ಅತ್ತೆ ಮೆಲ್ಲಗೆ, "ಮದುವೆ ಆದಾಗಿಂದ" ಅಂದರು. ಹೊಗೆಸೊಪ್ಪು? ಅದೂ ಸ್ವಲ್ಪ.

ಇದನ್ನು ನಾನು ಬಿಡಿಸಿ ಹೇಳಲೇಬೇಕು, ನಮ್ಮದು ಅಡಿಕೆ ಬೆಳೆಯುವ ಸೀಮೆ. ಅಡಿಕೆ ನಮ್ಮ ಜೀವನ, ಅದರ ದುಡ್ಡಲ್ಲೇ ನಮ್ಮ ಮಕ್ಕಳು ಓದುತ್ತಿರುವುದು. ಆದರೂ ನಿಜ ನಿಜವೇ. ಹೊಗೆಸೊಪ್ಪಿಲ್ಲದ ಎಲೆ ಅಡಿಕೆ ಕೂಡ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ವರ್ಷಗಟ್ಟಲೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರುನಾರಾಗಿ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ, ಖಾರ ತಗುಲಿದರೆ ಉರಿ. ಮೂರು ಬೆರಳು ಇಡಿಸಿ ನೋಡುವುದು ಅದಕ್ಕೇ. ಅತ್ತೆಯ ಎಡಗೆನ್ನೆಯಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ ಒಂದು ಬಿಳಿ ಮಚ್ಚೆ ಇತ್ತು. ನಾವು ಯಾರೂ ನೋಡಿರಲಿಲ್ಲ. ಹಳೆಯ ಕ್ಲಿನಿಕ್ಕಿನಲ್ಲೂ ಯಾರೂ ನೋಡಿರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೆ ಎಲೆ ಅಡಿಕೆ ನಿಲ್ಲಿಸಬೇಕು, ಪ್ರತಿ ಮೂರು ತಿಂಗಳಿಗೆ ಬಂದು ತೋರಿಸಬೇಕು ಅಂದರು. ಅತ್ತೆ ನಿಲ್ಲಿಸಿದ್ದಾರೆ. ಬಾಯಿ ಚಪಲ ಆದಾಗ ಸೋಂಪು ಹಾಕಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಬೇರೆ ಏನೂ ಸರಿಯಿಲ್ಲದೇ ಹೋಗಿದ್ದರೂ ಈ ಒಂದು ಕಾರಣಕ್ಕೆ ನಾನು ಅವರನ್ನು ಮರೆಯುವುದಿಲ್ಲ.

ಕೆಳಗಡೆ ಮುಂದೆ ಎರಡು ಹಲ್ಲು ಉಳಿದಿದ್ದವು, ಅಲ್ಲಾಡುತ್ತಿದ್ದವು. ಹುಳುಕು ಒಂದಿಷ್ಟೂ ಇರಲಿಲ್ಲ. ಹಾಗಾದರೆ ಯಾಕೆ ಅಲ್ಲಾಡುತ್ತವೆ ಅಂತ ಕೇಳಿದೆ. ಹಲ್ಲಿನ ಬುಡದಲ್ಲಿ ಪಾಚಿ ಕೂತು, ಅದು ಗಟ್ಟಿಯಾಗಿ, ವಸಡು ಊದಿ, ಒಳಗೆ ಹಲ್ಲನ್ನು ಹಿಡಿದ ಮೂಳೆಯೇ ಕರಗಿ ಹೋಗುತ್ತದೆ. ನೋವೇ ಇರುವುದಿಲ್ಲ, ಬರೀ ರಕ್ತ ಬರುತ್ತದೆ, ವಾಸನೆ ಬರುತ್ತದೆ. ಶುಗರ್ ಇರುವವರಲ್ಲಿ ಇದು ಜಾಸ್ತಿ, ಮತ್ತು ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಅತ್ತೆಗೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ ಅಂತ ಹಿಂದೆ ಯಾರೋ ಹೇಳಿದ್ದಾಗ "ಕ್ಲೀನ್ ಮಾಡಿದ್ರೆ ಹಲ್ಲು ಸಡಿಲ ಆಗ್ತವೆ" ಅಂತ ಊರಲ್ಲಿ ಎಲ್ಲರೂ ಹೆದರಿಸಿದ್ದರು. ಸಡಿಲ ಮಾಡಿದ್ದು ಆ ಪಾಚಿಯೇ. ನಾನು, ನಮ್ಮೆಜಮಾನರು ಅದೇ ದಿನ ಅಲ್ಲೇ ಚೀಟಿ ಮಾಡಿಸಿ ಹಲ್ಲು ಕ್ಲೀನ್ ಮಾಡಿಸಿಕೊಂಡೆವು. ಬ್ರಷ್ ಮಾಡುವಾಗ ರಕ್ತ ಬರುತ್ತಿದ್ದರೆ ನೀವೂ ತೋರಿಸಿ, ತಡ ಮಾಡಬೇಡಿ.

ಶುಗರ್ ರಿಪೋರ್ಟ್ ನೋಡಿದ ಮೇಲೆಯೇ ಆ ಎರಡು ಹಲ್ಲು ಕಿತ್ತರು. ಎರಡು ತಿಂಗಳು ಕಾಯಿರಿ ಅಂದರು, ಗಾಯ ಮಾಯ್ದು ವಸಡು ಒಂದು ಆಕಾರಕ್ಕೆ ಬರಬೇಕಂತೆ.

ಆಮೇಲೆ ಅಳತೆಗೆ, ಜೋಡಣೆಗೆ ಅಂತ ಆರು ಸಲ ಹೋದೆವು. ಮಾಡಿದ್ದು ಪಿಜಿ ಓದುತ್ತಿರುವ ಒಬ್ಬ ಹುಡುಗಿ, ಪ್ರತಿ ಹಂತದಲ್ಲೂ ಅವಳ ಮೇಷ್ಟ್ರು ಬಂದು ನೋಡಿ ಸರಿ ಅಂದ ಮೇಲೆಯೇ ಮುಂದಿನ ಕೆಲಸ. ಮೊದಲ ಸಲ ಬಿಸಿನೀರಿನಲ್ಲಿ ಮೆತ್ತಗಾದ ಮೇಣದಂಥ ಕಂದು ಮುದ್ದೆಯನ್ನು ಬಾಯಿಗೆ ಒತ್ತಿ ಒಂದು ಒರಟು ಅಳತೆ ತೆಗೆದಳು. ಆ ಅಳತೆಯ ಮೇಲೆ ಅತ್ತೆಯ ಬಾಯಿಗೆಂದೇ ಒಂದು ತಟ್ಟೆ ತಯಾರಾಯಿತು. ಎರಡನೇ ಸಲ ಆ ತಟ್ಟೆಯ ಅಂಚಿಗೆ ಹಸಿರು ಕಡ್ಡಿಯನ್ನು ದೀಪದಲ್ಲಿ ಕರಗಿಸಿ ಹಚ್ಚಿ, ಬಾಯಲ್ಲಿಟ್ಟು, "ಅಜ್ಜಿ ತುಟಿ ಮುಂದೆ ಮಾಡಿ, ನಗಿ, ನಾಲಿಗೆ ಚಾಚಿ, ಆ ಕೆನ್ನೆಗೆ ತಾಗಿಸಿ, ಈ ಕೆನ್ನೆಗೆ ತಾಗಿಸಿ, ಎಂಜಲು ನುಂಗಿ" ಅಂತ ಒಂದೊಂದೇ ಮಾಡಿಸಿದಳು. ಸುಮಾರು ಒಂದು ಗಂಟೆ ಹಿಡಿಯಿತು. ನನಗೆ ಕುತೂಹಲ, ಕೇಳಿದೆ. ಬಾಯಿ ಒಂದು ಕಡೆ ನಿಲ್ಲುವ ವಸ್ತು ಅಲ್ಲ ಆಂಟಿ, ಅಂದಳು. ತುಟಿ, ಕೆನ್ನೆ, ನಾಲಿಗೆ ಎಲ್ಲಾ ಸ್ನಾಯು, ಅವು ಯಾವಾಗಲೂ ಎಳೆಯುತ್ತಿರುತ್ತವೆ. ಸೆಟ್ಟಿನ ಅಂಚು ಸ್ನಾಯು ಓಡಾಡುವ ಜಾಗಕ್ಕೆ ಹೋದರೆ ಮಾತಾಡಿದಾಗಲೆಲ್ಲ ಎತ್ತಿಬಿಡುತ್ತದೆ. ಚಿಕ್ಕದಾದರೆ ಗಾಳಿ ನುಗ್ಗಿ ಬಿದ್ದುಹೋಗುತ್ತದೆ. ಸ್ನಾಯುಗಳೇ ಒತ್ತಿ ತೋರಿಸಿದ ಜಾಗದಲ್ಲಿ ಅಂಚು ನಿಲ್ಲಬೇಕು. ಟ್ರಂಕಿನಲ್ಲಿರುವ ಸೆಟ್ ಯಾಕೆ ಏಳುತ್ತಿತ್ತು ಅಂತ ನನಗೆ ಅವತ್ತು ಅರ್ಥವಾಯಿತು.

ಅದಾದ ಮೇಲೆ ತೆಳ್ಳನೆಯ ಒಂದು ಪೇಸ್ಟ್ ಹಚ್ಚಿ ಕೊನೆಯ ಅಳತೆ. ಬಾಯಲ್ಲಿಟ್ಟ ಕೂಡಲೇ ಅತ್ತೆ "ಇದು ಲವಂಗ!" ಅಂದರು. ಹೌದು, ಅದರಲ್ಲಿ ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಇರುತ್ತದಂತೆ. ಹಲ್ಲುನೋವಿಗೆ ನಮ್ಮಜ್ಜಿಯಂದಿರು ಇಡುತ್ತಿದ್ದದ್ದೂ ಅದೇ ಲವಂಗ. ಗೊತ್ತಿರುವ ವಾಸನೆ ಬಂದ ಮೇಲೆ ಅತ್ತೆಯ ಭಯ ಅರ್ಧ ಹೋಯಿತು.

ನನಗೆ ತುಂಬಾ ಇಷ್ಟವಾಗಿದ್ದು ಮೂರನೇ ಮತ್ತು ನಾಲ್ಕನೇ ಸಲ. ಮೂಗಿನ ತುದಿಗೆ ಒಂದು ಚುಕ್ಕಿ, ಗಲ್ಲಕ್ಕೆ ಒಂದು ಚುಕ್ಕಿ ಇಟ್ಟು "ಅಮ್ಮ ಅನ್ನಿ" ಅಂದಳು. ಅಮ್ಮ ಅಂದಾಗ ತುಟಿ ಮುಚ್ಚಿ ದವಡೆ ಆರಾಮಾಗಿ ನಿಲ್ಲುತ್ತದೆ, ಆಗ ಎರಡು ಚುಕ್ಕಿಯ ನಡುವೆ ಅಳತೆ. ಹಲ್ಲು ಹೋದ ಮೇಲೆ ಗಲ್ಲ ಮೂಗಿನ ಹತ್ತಿರ ಬಂದುಬಿಡುತ್ತದೆ, ಕೆನ್ನೆ ಒಳಗೆ ಹೋಗುತ್ತದೆ. ಬಾಯಿಯ ಎರಡು ಕೊನೆ ಮಡಚಿಕೊಂಡು ಅಲ್ಲಿ ಎಂಜಲು ನಿಂತು ಚರ್ಮ ಬಿರಿಯುತ್ತದೆ. ಇಷ್ಟು ವರ್ಷ ಬೆಣ್ಣೆ ಹಚ್ಚಿದ್ದು ಇದಕ್ಕೆ! ಈಗ ಆ ಬಿರುಕು ಪೂರ್ತಿ ಹೋಗಿದೆ.

ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಹಾಕಿ ನೋಡುವ ದಿನ. ಹಿಂದಿನ ಸಲವೇ ಹಳೆಯ ಫೋಟೋ ಇದ್ದರೆ ತನ್ನಿ ಅಂದಿದ್ದರು. ಅತ್ತೆಯ ಮದುವೆ ಫೋಟೋ ತೆಗೆದುಕೊಂಡು ಹೋಗಿದ್ದೆ, ಅದರಲ್ಲಿ ಅವರ ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದಿ. ಮೇಣದ ಸೆಟ್ಟಿನಲ್ಲಿ ಸಂದಿ ಇರಲಿಲ್ಲ, ಸಾಲಾಗಿ ನೀಟಾಗಿತ್ತು. ಅತ್ತೆ ಕನ್ನಡಿ ನೋಡಿ ತುಂಬಾ ಹೊತ್ತು ಸುಮ್ಮನಿದ್ದು, "ಚೆನ್ನಾಗೈತಮ್ಮ, ಆದ್ರೆ ಇದು ನಾನಲ್ಲ" ಅಂದರು. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಫೋಟೋ ಇನ್ನೊಮ್ಮೆ ನೋಡಿ, ಮೇಣ ಬಿಸಿ ಮಾಡಿ, ಎರಡು ಹಲ್ಲನ್ನು ಚೂರು ಸರಿಸಿ ಸಂದಿ ಬಿಟ್ಟಳು. ಬಣ್ಣವೂ ಅಚ್ಚ ಬಿಳಿ ಬೇಡ, ನಿಮ್ಮ ವಯಸ್ಸಿಗೆ ಒಂದು ಚೂರು ಹಳದಿ ಇದ್ದರೆ ಸಹಜವಾಗಿ ಕಾಣುತ್ತದೆ ಅಂತ ಅವಳೇ ತೋರಿಸಿ ಒಪ್ಪಿಸಿದಳು.

ಮಾತೂ ಆಡಿಸಿ ನೋಡಿದರು. ನಾವು ಶಾಲೆಯಲ್ಲಿ ತ, ಥ, ದ, ಧ, ನ ದಂತ್ಯಾಕ್ಷರ ಅಂತ ಓದಿದ್ದೆವಲ್ಲ, ನಾಲಿಗೆ ಹಲ್ಲಿನ ಹಿಂದಕ್ಕೆ ತಾಗಿದರೇನೇ ಅವು ಹುಟ್ಟುವುದು. ಹಲ್ಲಿನ ಜಾಗ ಒಂಚೂರು ಹೆಚ್ಚುಕಮ್ಮಿ ಆದರೂ ಮಾತು ತೊದಲುತ್ತದೆ. "ಫೋನು, ಕಾಫಿ" ಅನ್ನಿಸಿದರು, ಅದು ಮೇಲಿನ ಹಲ್ಲು ಕೆಳತುಟಿಗೆ ಎಲ್ಲಿ ತಾಗುತ್ತದೆ ಅಂತ ನೋಡಲು. "ಸ" ಬರುವ ಮಾತು ಯಾವುದಾದರೂ ಹೇಳಿ ಅಜ್ಜಿ ಅಂದಾಗ ಅತ್ತೆ ನನ್ನ ಕಡೆ ನೋಡಿ "ಸೊಸೆ" ಅಂದರು. ಸ್ಪಷ್ಟವಾಗಿ ಬಂತು. ನಾಲ್ಕು ವರ್ಷದಿಂದ ಅವರ ಬಾಯಲ್ಲಿ ಆ ಶಬ್ದ ಗಾಳಿಯಾಗಿ ಹೋಗುತ್ತಿತ್ತು. ನನಗೆ ಕಣ್ಣು ತುಂಬಿತು.

ಐದನೇ ಸಲ ಸೆಟ್ ಕೈಗೆ ಕೊಟ್ಟರು. ಮೇಲೆ 14, ಕೆಳಗೆ 14, ಒಟ್ಟು 28 ಹಲ್ಲು, ಬುದ್ಧಿಹಲ್ಲು ಇಡುವುದಿಲ್ಲ. ಕೊಡುವ ದಿನವೇ ಮೇಷ್ಟ್ರು ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದರು: ಮೇಲಿನದು ಅಂಗಳ ಪೂರ್ತಿ ಮುಚ್ಚುವುದರಿಂದ, ನಡುವೆ ಎಂಜಲಿನ ತೆಳು ಪದರ ಇರುವುದರಿಂದ, ಒದ್ದೆ ಗಾಜಿಗೆ ಇನ್ನೊಂದು ಗಾಜು ಅಂಟುವ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನದು ಹಾಗೆ ನಿಲ್ಲುವುದಿಲ್ಲ, ಲಾಳದ ಆಕಾರ, ನಡುವೆ ನಾಲಿಗೆ ಓಡಾಡುತ್ತದೆ, ಅದೂ ಅಲ್ಲದೆ ಹಲ್ಲು ಹೋದ ಮೇಲೆ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಜಾಸ್ತಿ ಸವೆಯುತ್ತದೆ. ಅದನ್ನು ನಾಲಿಗೆ, ಕೆನ್ನೆಯಿಂದ ಹಿಡಿದಿಟ್ಟುಕೊಳ್ಳುವುದನ್ನು ಕಲಿಯಬೇಕು. ಸ್ವಂತ ಹಲ್ಲಿನ ಬಲದಲ್ಲಿ ಕಾಲು ಭಾಗ ಸಿಕ್ಕರೆ ಅದೇ ಒಳ್ಳೆಯದು. ಹೀಗೆ ಇದ್ದದ್ದನ್ನು ಇದ್ದಹಾಗೆ ಹೇಳಿ ಕೊಟ್ಟಿದ್ದು ನನಗೆ ಹಿಡಿಸಿತು.

ಮೊದಲ ಹದಿನೈದು ದಿನ ನಿಜವಾಗಿಯೂ ಕಷ್ಟ, ಯಾರಾದರೂ ಕಷ್ಟವಿಲ್ಲ ಅಂದರೆ ನಂಬಬೇಡಿ. ಬಾಯಲ್ಲಿ ಏನೋ ಇದೆ ಅಂದ ಕೂಡಲೇ ದೇಹ ಅದನ್ನು ಊಟ ಅಂದುಕೊಂಡು ಜೊಲ್ಲು ಸುರಿಸುತ್ತದೆ, ಅತ್ತೆ ಮೂರು ದಿನ ಕರವಸ್ತ್ರ ಹಿಡಿದೇ ಕೂತಿದ್ದರು. ಮಾಮೂಲಿ ಮನುಷ್ಯನಿಗೇ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ, ನಮಗೆ ಗೊತ್ತಾಗದ ಹಾಗೆ ನುಂಗುತ್ತಿರುತ್ತೇವೆ ಅಷ್ಟೇ. ಅಂಗಳ ಮುಚ್ಚಿರುವುದರಿಂದ ಕಾಫಿ ಎಷ್ಟು ಬಿಸಿ ಇದೆ ಅಂತ ಗೊತ್ತಾಗದೆ ಒಂದು ದಿನ ಗಂಟಲು ಸುಟ್ಟುಕೊಂಡರು. ಈಗ ತುಟಿಗೆ ತಾಗಿಸಿ ನೋಡಿಯೇ ಕುಡಿಯುತ್ತಾರೆ. ಊಟ ಮೊದಲು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಇಡ್ಲಿ, ಆಮೇಲೆ ಬೇಯಿಸಿದ ತರಕಾರಿ. ಸಣ್ಣ ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಎದ್ದುಬಿಡುತ್ತದೆ. ಮುಂದಿನ ಹಲ್ಲಲ್ಲಿ ಕಚ್ಚಿ ಎಳೆಯಬಾರದು, ಸೇಬನ್ನು ಹೆಚ್ಚಿಯೇ ಕೊಡಬೇಕು. ಎಡಗಡೆ ಒಂದು ಜಾಗದಲ್ಲಿ ಹುಣ್ಣಾಯಿತು, ಆರನೇ ಸಲ ಹೋದಾಗ ಬಿಳಿ ಪೇಸ್ಟ್ ಬಳಿದು ಎಲ್ಲಿ ಒತ್ತುತ್ತಿದೆ ಅಂತ ಕಂಡುಹಿಡಿದು ಅಷ್ಟೇ ಜಾಗ ಉಜ್ಜಿ ಕೊಟ್ಟರು. ಎರಡು ದಿನಕ್ಕೆ ವಾಸಿ. ಮನೆಯಲ್ಲಿ ನೀವೇ ಉಜ್ಜಲು ಹೋಗಬೇಡಿ.

ನೋಡಿಕೊಳ್ಳುವುದು ಹೀಗೆ. ರಾತ್ರಿ ತೆಗೆದು ನೀರಿನ ಡಬ್ಬಿಯಲ್ಲಿ ಇಡುತ್ತೇವೆ. ಬಿಸಿನೀರು ಬೇಡವೇ ಬೇಡ, ಸೊಟ್ಟಗಾಗುತ್ತದೆ. ತೊಳೆಯುವುದು ಮೆತ್ತನೆ ಬ್ರಷ್ ಮತ್ತು ಸೋಪು ನೀರಿನಿಂದ, ಪೇಸ್ಟ್ ಹಾಕಿದರೆ ಗೀರು ಬಿದ್ದು ಅದರೊಳಗೆ ಕೊಳೆ ಕೂರುತ್ತದೆ. ಕೆಳಗೆ ಒಂದು ಬೋಗುಣಿ ನೀರು ಇಟ್ಟುಕೊಂಡು ತೊಳೆಯಿರಿ, ಜಾರಿ ಬಿದ್ದರೂ ಮುರಿಯುವುದಿಲ್ಲ. ವಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ರಾತ್ರಿಯೂ ಹಾಕಿಕೊಂಡೇ ಮಲಗಿದರೆ ಸೆಟ್ಟಿನ ಕೆಳಗೆ ಬೂಷ್ಟಿನ ಸೋಂಕಾಗಿ ಅಂಗಳ ಕೆಂಪಗಾಗುತ್ತದೆ, ಶುಗರ್ ಇರುವವರಿಗೆ ಇನ್ನೂ ಬೇಗ.

ದುಡ್ಡು ನಮಗೆ ಎಲ್ಲಾ ಸೇರಿ 2,800 ರೂಪಾಯಿ ಆಯಿತು, ಬಸ್ ಚಾರ್ಜು ಬೇರೆ. ಹೊರಗೆ ಕೇಳಿದಾಗ 18,000 ಹೇಳಿದ್ದರು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲು ನಮ್ಮ ಸರ್ಕಾರ ದಂತ ಭಾಗ್ಯ ಅಂತ ಯೋಜನೆ ತಂದಿತ್ತು, ಕಾರ್ಡ್ ಇದ್ದರೆ ಕೌಂಟರಿನಲ್ಲಿ ಮೊದಲೇ ಕೇಳಿ.

ಕೊರತೆಗಳನ್ನೂ ಹೇಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಹೊರಬರುವುದು ಮೂರಕ್ಕೆ, ಮಧ್ಯೆ ಊಟದ ಬಿಡುವು. ಕಾಯುವ ಜಾಗದಲ್ಲಿ ಬೆನ್ನು ಒರಗಿಸಲು ಆಗದ ಬೆಂಚು, 68 ವರ್ಷದವರನ್ನು ಅದರ ಮೇಲೆ ಐದು ಗಂಟೆ ಕೂರಿಸುವುದು ತಪ್ಪು. ಒಂದು ಸಲ ಪರೀಕ್ಷೆ ಅಂತ ವಿದ್ಯಾರ್ಥಿಗಳೇ ಇರಲಿಲ್ಲ, ಫೋನ್ ಮಾಡಿ ತಿಳಿಸಿದ್ದರೆ ನಾವು ಬಸ್ಸೇ ಹತ್ತುತ್ತಿರಲಿಲ್ಲ. ಶುಗರ್ ಮಾತ್ರೆ ತೆಗೆದುಕೊಳ್ಳುವವರನ್ನು ಕರೆದುಕೊಂಡು ಹೋದರೆ ಬುತ್ತಿ, ಮಾತ್ರೆ ಕೈಯಲ್ಲೇ ಇರಲಿ. ಕೆಲಸಕ್ಕೆ ರಜೆ ಸಿಗದವರಿಗೆ ಆರು ದಿನ ಬಿಡುವುದು ದೊಡ್ಡ ನಷ್ಟ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ದಿನದಲ್ಲಿ ಸಿಕ್ಕ ಸೆಟ್ ಎಲ್ಲಿದೆ ಅಂತ ಮೇಲೆಯೇ ಹೇಳಿದ್ದೇನೆ. ಬೇರೆ ಎಲ್ಲೇ ಮಾಡಿಸಿ, ಕೆನ್ನೆ ನಾಲಿಗೆ ನೋಡದೆ, ಮೇಣದಲ್ಲಿ ಹಾಕಿ ತೋರಿಸದೆ ಸೆಟ್ ಮಾಡುತ್ತೇವೆ ಅಂದರೆ ಎದ್ದು ಬನ್ನಿ.

ಕೆಳಗಿನ ಸೆಟ್ ಈಗಲೂ ಆಕಳಿಸಿದರೆ ಸ್ವಲ್ಪ ಏಳುತ್ತದೆ. ಮೂಳೆ ಸವೆಯುತ್ತಾ ಹೋದ ಹಾಗೆ ಇನ್ನೂ ಸಡಿಲವಾಗಬಹುದು, ಆಗ ಒಳಗಡೆಯಿಂದ ಹೊಸ ಪದರ ತುಂಬಿಸಿ ಕೊಡುತ್ತಾರಂತೆ. ಮುಂದಿನ ತಿಂಗಳು ಬಿಳಿ ಮಚ್ಚೆ ತೋರಿಸಲು ಹೇಗೂ ಹೋಗಬೇಕು, ಆಗಲೇ ಇದನ್ನೂ ಕೇಳುತ್ತೇನೆ.

ಮೊನ್ನೆ ಯುಗಾದಿಗೆ ಹೆಸರುಬೇಳೆ ಕೋಸಂಬರಿ ಮಾಡಿದ್ದೆ. ಅತ್ತೆಗೆ ಅಭ್ಯಾಸದಂತೆ ಬಡಿಸದೆ ಮುಂದೆ ಹೋದೆ. "ನನಗೇಕೆ ಹಾಕ್ಲಿಲ್ಲ?" ಅಂತ ಕೇಳಿ ಎಲೆ ಮುಂದಕ್ಕೆ ಸರಿಸಿದರು.